ಕೊಕ್ಕೆ ಸೋತಿತೋ, ಕುಣಿಕೆ ಸೋತಿತೋ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ವೆಲ್ಕ್ರೋ ಕುರಿತೇ ಇವೆ. ಹತ್ತೊಂಬತ್ತು ವರ್ಷಗಳಿಂದ ಡೇರೆ, ಬೆನ್ನುಚೀಲ, ಮಳೆ ಜಾಕೆಟ್ಟುಗಳನ್ನು ರಿಪೇರಿ ಮಾಡುತ್ತಿರುವ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಜಿಪ್ ಕೆಟ್ಟರೆ ಜನ ಜಿಪ್ಪನ್ನು ಬೈದು ರಿಪೇರಿಗೆ ತರುತ್ತಾರೆ. ವೆಲ್ಕ್ರೋ ಕೆಟ್ಟರೆ ಮಾತ್ರ ಇಡೀ ಜಾಕೆಟ್ಟೇ ಹಳೆಯದಾಯಿತು ಎಂದು ಮೂಲೆಗೆಸೆಯುತ್ತಾರೆ. ನನ್ನ ಬಳಿ ಬರುವ ‘ಸತ್ತ’ ವೆಲ್ಕ್ರೋಗಳಲ್ಲಿ ಬಹುಪಾಲು ಸತ್ತಿರುವುದೇ ಇಲ್ಲ, ಕೊಳೆಯಾಗಿರುತ್ತವೆ ಅಷ್ಟೆ.

ಉತ್ತರಗಳಿಗೆ ಮೊದಲು ಒಂದು ಮಾತು. ಒರಟು ಬದಿಯನ್ನು ಕೊಕ್ಕೆ ಎಂದೂ ಮೆತ್ತನೆಯ ಬದಿಯನ್ನು ಕುಣಿಕೆ ಎಂದೂ ಕರೆಯುತ್ತೇನೆ. ಕೆಲವರು ಗಂಡು, ಹೆಣ್ಣು ಎನ್ನುವುದುಂಟು. ಯಾವುದು ಗಂಡು, ಯಾವುದು ಹೆಣ್ಣು ಎಂದು ಪ್ರತಿ ಸಲವೂ ವಾದವಾಗುವುದರಿಂದ ನಾನು ಆ ಗೋಜಿಗೆ ಹೋಗುವುದಿಲ್ಲ.

ಪ್ರಶ್ನೆ: ನನ್ನ ಮಳೆ ಜಾಕೆಟ್ಟಿಗೆ ಆರು ವರ್ಷ. ಬಟ್ಟೆ, ಜಿಪ್ ಎಲ್ಲವೂ ಸರಿಯಾಗಿವೆ. ಆದರೆ ಮುಂಗೈಯ ಪಟ್ಟಿಗಳು ಹಿಡಿಯುವುದೇ ಇಲ್ಲ. ಅಂಟಿಸಿದ ಐದು ನಿಮಿಷಕ್ಕೆ ತಾವಾಗಿ ಬಿಚ್ಚಿಕೊಳ್ಳುತ್ತವೆ. ಕೈ ಎತ್ತಿದರೆ ನೀರು ಮೊಣಕೈವರೆಗೂ ಇಳಿಯುತ್ತದೆ. ವೆಲ್ಕ್ರೋದ ಆಯಸ್ಸು ಮುಗಿಯಿತೆಂದು ತಿಳಿಯುವುದು ಹೇಗೆ?
— ತೋಳೊಳಗೆ ಮಳೆ

ಉತ್ತರ: ಮೊದಲು ಜಾಕೆಟ್ಟನ್ನು ಕಿಟಕಿಯ ಬಳಿ ಒಯ್ದು, ಒಂದು ಭೂತಗನ್ನಡಿ ಹಿಡಿದು ಕೊಕ್ಕೆಯ ಬದಿಯನ್ನು ನೋಡಿ. ಅಲ್ಲಿ ಒಂದು ಚಿಕ್ಕ ಕಸದ ತೊಟ್ಟಿಯೇ ಕಾಣುತ್ತದೆ. ಕೈಗವಸಿನ ಉಣ್ಣೆ, ತಲೆಗೂದಲು, ಒಣಹುಲ್ಲಿನ ಚೂರು, ಬೆನ್ನುಚೀಲದ ನೂಲು ಎಲ್ಲವೂ ಹೆಣೆದುಕೊಂಡು ಚಾಪೆಯಂತೆ ಮಲಗಿರುತ್ತವೆ. ಕೊಕ್ಕೆಗೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ, ಎದುರಿಗೆ ಬಂದ ಯಾವ ಎಳೆಯಾದರೂ ಸರಿ, ಹಿಡಿದುಕೊಳ್ಳುತ್ತದೆ. ಅದರ ಬಾಯಿ ಒಮ್ಮೆ ಕಸದಿಂದ ತುಂಬಿದರೆ ಕುಣಿಕೆಯನ್ನು ಹಿಡಿಯಲು ಜಾಗವೆಲ್ಲಿ?

ಶುಚಿ ಮಾಡಲು ನಾನು ಬಳಸುವುದು ಮೂರು ಸಾಮಾನು. ಗಟ್ಟಿ ನಾರಿನ ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಸೀರಣಿಗೆ, ಒಂದು ದಪ್ಪ ಸೂಜಿ. ಬ್ರಷ್ಷನ್ನು ಒಂದೇ ದಿಕ್ಕಿಗೆ ಎಳೆದರೆ ಮೇಲಿನ ಧೂಳು ಹೋಗುತ್ತದೆ. ಸೀರಣಿಗೆಯನ್ನು ಕೊಕ್ಕೆಗಳ ಸಾಲಿನ ನಡುವೆ ಇಳಿಸಿ ನಿಧಾನವಾಗಿ ಎತ್ತಿದರೆ ಚಾಪೆಯ ಒಂದು ಅಂಚು ಏಳುತ್ತದೆ. ಆ ಅಂಚನ್ನು ಬೆರಳಲ್ಲಿ ಹಿಡಿದು ಎಳೆದರೆ ಕೆಲವೊಮ್ಮೆ ಇಡೀ ಕಸ ಒಂದೇ ತುಂಡಾಗಿ ಬರುತ್ತದೆ. ಆಗಿನ ಸಮಾಧಾನವೇ ಬೇರೆ. ಉಳಿದ ಒಂದೊಂದು ಕೂದಲಿಗೆ ಸೂಜಿ. ಅಂಟುಟೇಪಿನ ಸ್ಟ್ಯಾಂಡಿನಲ್ಲಿರುವ ಹಲ್ಲಿನ ಅಂಚೂ ಈ ಕೆಲಸಕ್ಕೆ ಬಲು ಚೆನ್ನ. ಕೆಸರಿದ್ದರೆ ಹಸಿಯಾಗಿರುವಾಗ ಮುಟ್ಟಬೇಡಿ, ಉಜ್ಜಿದಷ್ಟೂ ಬುಡಕ್ಕೆ ಇಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಪಟ್ಟಿಯನ್ನು ಹಿಮ್ಮುಖವಾಗಿ ಬಾಗಿಸಿ ಬ್ರಷ್ ಮಾಡಿದರೆ ಪುಡಿಯಾಗಿ ಉದುರುತ್ತದೆ.

ಇಷ್ಟಾದ ಮೇಲೂ ಹಿಡಿಯದಿದ್ದರೆ ಆಗ ಪರೀಕ್ಷೆ. ನನ್ನ ಮೇಜಿನ ಖಾನೆಯಲ್ಲಿ ಐದು ಸೆಂಟಿಮೀಟರ್ ಉದ್ದದ ಹೊಸ ಕೊಕ್ಕೆಯ ತುಂಡೊಂದು, ಹೊಸ ಕುಣಿಕೆಯ ತುಂಡೊಂದು ಯಾವಾಗಲೂ ಇರುತ್ತವೆ. ಹೊಸ ಕುಣಿಕೆಯನ್ನು ನಿಮ್ಮ ಹಳೆಯ ಕೊಕ್ಕೆಗೆ ಒತ್ತಿ ಎಳೆಯಿರಿ. ಹೊಸ ಕೊಕ್ಕೆಯನ್ನು ನಿಮ್ಮ ಹಳೆಯ ಕುಣಿಕೆಗೆ ಒತ್ತಿ ಎಳೆಯಿರಿ. ಯಾವ ಜೋಡಿ ಸಡಿಲವೋ ಅದರಲ್ಲಿರುವ ಹಳೆಯ ಬದಿಯೇ ಸೋತದ್ದು. ಒಂದು ನಿಮಿಷದ ಕೆಲಸ ಇದು. ಆದರೂ ಎರಡೂ ಬದಿಗಳನ್ನು ಕಿತ್ತುಹಾಕಿ ಹೊಸದು ಹೊಲಿದುಕೊಂಡು, ‘ನೋಡಿ, ಸರಿಹೋಯಿತು’ ಎಂದು ಬೀಗುವವರನ್ನು ದಿನವೂ ನೋಡುತ್ತೇನೆ.

ಎಲ್ಲರೂ ಬೈಯುವುದು ಕೊಕ್ಕೆಯನ್ನು, ನಿಜವಾಗಿ ಸಾಯುವುದು ಹೆಚ್ಚಾಗಿ ಕುಣಿಕೆ. ನೇಯ್ದ ಪಟ್ಟಿಯಲ್ಲಿ ಕೊಕ್ಕೆ ಎಂದರೆ ಒಂದೇ ದಪ್ಪ ನೈಲಾನ್ ಎಳೆ. ಎಳೆದಾಗ ನೆಟ್ಟಗಾಗಿ, ಬಿಟ್ಟಾಗ ಮತ್ತೆ ಬಾಗುತ್ತದೆ. ಕುಣಿಕೆಯಾದರೋ ಹಲವು ಸೂಕ್ಷ್ಮ ಎಳೆಗಳ ಗುಂಪು. ಪ್ರತಿ ಸಲ ಬಿಚ್ಚಿದಾಗಲೂ ಅವುಗಳಲ್ಲಿ ಒಂದೆರಡು ಹರಿಯುತ್ತವೆ. ಸರಿಯಾಗಿರುವ ಕುಣಿಕೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ದುಂಡಗಿನ ಬಳೆಗಳ ರಾಶಿಯಂತೆ ಕಾಣುತ್ತದೆ. ಸವೆದದ್ದು ಬಿಚ್ಚಿಹೋದ ಹಗ್ಗದ ತುದಿಯಂತೆ ನಯವಾದ ನೊರೆನೊರೆಯಾಗಿರುತ್ತದೆ. ಮುಟ್ಟಿದರೆ ಹೊಸದಕ್ಕಿಂತ ಮೃದು. ಆ ಮೃದುತ್ವಕ್ಕೆ ಮೋಸಹೋಗಬೇಡಿ, ಅಲ್ಲಿ ಕೊಕ್ಕೆ ಹಿಡಿಯಲು ಏನೂ ಉಳಿದಿಲ್ಲ. ಚಪ್ಪಟೆಯಾಗಿ ಮಲಗಿದ ಕುಣಿಕೆಯನ್ನು ಬ್ರಷ್ಷಿನಿಂದ ಎಬ್ಬಿಸಬಹುದು. ಹರಿದ ಕುಣಿಕೆಗೆ ಮಾತ್ರ ಮದ್ದಿಲ್ಲ.

ಕೊಕ್ಕೆಯೂ ಸೋಲುವುದುಂಟು, ಇಲ್ಲವೆನ್ನುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಯಂತಿರಬೇಕಾದದ್ದು ಆಶ್ಚರ್ಯಸೂಚಕ ಚಿಹ್ನೆಯಂತೆ ನೆಟ್ಟಗೆ ನಿಂತಿದ್ದರೆ ಅದರ ಕೆಲಸ ಮುಗಿಯಿತು. ಅಚ್ಚಿನಲ್ಲಿ ಎರಕ ಹೊಯ್ದ ತೆಳು ಪ್ಲಾಸ್ಟಿಕ್ ಕೊಕ್ಕೆಗಳಾದರೆ ನೆಟ್ಟಗಾಗುವುದಕ್ಕಿಂತ ಮುರಿಯುವುದೇ ಹೆಚ್ಚು. ಬೆರಳಾಡಿಸಿದರೆ ಅಲ್ಲಲ್ಲಿ ಬೋಳು ಸಿಗುತ್ತದೆ.

ನಿಮ್ಮ ಜಾಕೆಟ್ಟಿನ ವಿಷಯದಲ್ಲಿ ನನ್ನ ಊಹೆ ಹೇಳಲೇ? ಆರು ವರ್ಷ ನೀವು ಮುಂಗೈ ಪಟ್ಟಿಯನ್ನು ಒಂದೇ ಅಳತೆಗೆ ಬಿಗಿದಿದ್ದೀರಿ. ತೋಳಿನ ಮೇಲಿನ ಕುಣಿಕೆಯ ತುಂಡಿನಲ್ಲಿ ಆ ಒಂದು ಜಾಗ ಮಾತ್ರ ಸವೆದಿದೆ. ಒಂದು ಸೆಂಟಿಮೀಟರ್ ಆಚೆಯೋ ಈಚೆಯೋ ಒತ್ತಿ ನೋಡಿ. ಹಿಡಿದುಕೊಂಡರೆ ಸೂಜಿ, ದಾರ ಏನೂ ಬೇಡ.

ಪ್ರಶ್ನೆ: ವೆಲ್ಕ್ರೋ ನಾಸಾದವರು ಚಂದ್ರಯಾನಕ್ಕಾಗಿ ಕಂಡುಹಿಡಿದದ್ದು ಎಂದು ನನ್ನ ಮಗ ಶಾಲೆಯಲ್ಲಿ ಭಾಷಣ ಮಾಡಿ ಬಂದಿದ್ದಾನೆ. ನಿಜವೇ?
— ಭಾಷಣಕಾರನ ತಾಯಿ

ಉತ್ತರ: ಅಲ್ಲ ತಾಯಿ. ಕಂಡುಹಿಡಿದವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್. 1941ರಲ್ಲಿ ನಾಯಿಯ ಜೊತೆ ಕಾಡು ಸುತ್ತಿ ಬಂದಾಗ ತಮ್ಮ ಬಟ್ಟೆಗೂ ನಾಯಿಯ ರೋಮಕ್ಕೂ ಅಂಟಿಕೊಂಡಿದ್ದ ಬರ್ಡಾಕ್ ಎಂಬ ಗಿಡದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ಪ್ರತಿ ಮುಳ್ಳಿನ ತುದಿಯೂ ಕೊಕ್ಕೆಯಂತೆ ಬಾಗಿತ್ತು. ಉತ್ತರಾಣಿ ಗಿಡದ ಪಕ್ಕ ಹಾದುಹೋದವರೆಲ್ಲ ಸೀರೆಯಿಂದಲೋ ಪಂಚೆಯಿಂದಲೋ ಬೀಜ ಕಿತ್ತು ಬಿಸಾಡಿರುತ್ತೇವೆ. ಅವರು ಬಿಸಾಡಲಿಲ್ಲ, ಅಷ್ಟೇ ವ್ಯತ್ಯಾಸ.

ನೋಡಿದ್ದು ಒಂದು ದಿನ, ಮಾಡಲು ಹಿಡಿದದ್ದು ವರ್ಷಗಟ್ಟಲೆ. ಮೊದಲು ಹತ್ತಿಯಲ್ಲಿ ಪ್ರಯತ್ನಿಸಿದರು, ಬೇಗ ಸವೆಯಿತು. ನೈಲಾನ್ ಕೈಹಿಡಿಯಿತು. ಬಿಸಿಯಲ್ಲಿ ಗಟ್ಟಿಯಾದ ನೈಲಾನ್ ಕುಣಿಕೆಯ ಒಂದು ಪಕ್ಕವನ್ನು ಕತ್ತರಿಸಿದರೆ ಅದೇ ಕೊಕ್ಕೆ. 1955ರಲ್ಲಿ ಪೇಟೆಂಟ್ ಸಿಕ್ಕಿತು. ಹೆಸರು ಎರಡು ಫ್ರೆಂಚ್ ಪದಗಳ ಕಸಿ: ಮಖಮಲ್ಲಿಗೆ ‘ವೆಲೂರ್’, ಕೊಕ್ಕೆಗೆ ‘ಕ್ರೋಶೆ’. ನಾಸಾದವರು ಅಪೋಲೋ ಯಾನಗಳಲ್ಲಿ ತೂಕವಿಲ್ಲದ ಸಾಮಾನುಗಳು ತೇಲದಂತೆ ಹಿಡಿದಿಡಲು ಇದನ್ನು ಧಾರಾಳವಾಗಿ ಬಳಸಿದ್ದು ನಿಜ. ಅದರಿಂದಲೇ ಈ ಕಥೆ ಹುಟ್ಟಿಕೊಂಡಿತು. ಅಂದಹಾಗೆ ವೆಲ್ಕ್ರೋ ಎಂಬುದು ಒಂದು ಕಂಪನಿಯ ನೋಂದಾಯಿತ ಹೆಸರು, ಎಲ್ಲರ ಪಟ್ಟಿಯನ್ನೂ ಹಾಗೆ ಕರೆಯುವುದು ಆ ಕಂಪನಿಗೆ ಇಷ್ಟವಿಲ್ಲ. ನಾನೂ ನೀವೂ ಕರೆಯುತ್ತಲೇ ಇದ್ದೇವೆ.

ಪ್ರಶ್ನೆ: ಕ್ಯಾಮೆರಾ ಚೀಲವನ್ನು ಬೆನ್ನುಚೀಲದ ಭುಜಪಟ್ಟಿಗೆ ಎರಡು ವೆಲ್ಕ್ರೋ ಪಟ್ಟಿಗಳಿಂದ ಕಟ್ಟಿಕೊಂಡಿದ್ದೇನೆ. ಕೈಯಿಂದ ಎಷ್ಟು ಜಗ್ಗಿದರೂ ಜಾರುವುದಿಲ್ಲ. ಆದರೂ ಕಳೆದ ಚಾರಣದಲ್ಲಿ ಪೊದೆಯೊಳಗೆ ನುಸುಳುವಾಗ ಕಳಚಿ ಬಿತ್ತು. ಇಷ್ಟು ಬಿಗಿಯಾದದ್ದು ಹೇಗೆ ಬಿಚ್ಚಿತು?
— ಬಿದ್ದ ಲೆನ್ಸಿನ ಒಡೆಯ

ಉತ್ತರ: ನೀವು ಜಗ್ಗಿದ್ದು ಒಂದು ದಿಕ್ಕಿಗೆ, ಪೊದೆ ಎಳೆದದ್ದು ಇನ್ನೊಂದು ದಿಕ್ಕಿಗೆ. ಎರಡು ಬದಿಗಳನ್ನು ಒಂದರ ಮೇಲೊಂದು ಜಾರಿಸುವಂತೆ ಎಳೆದರೆ ಅಲ್ಲಿರುವ ನೂರಾರು ಕೊಕ್ಕೆಗಳೂ ಏಕಕಾಲಕ್ಕೆ ತಡೆಯುತ್ತವೆ. ಅಂಚು ಹಿಡಿದು ಸುಲಿದರೆ ಆ ಕ್ಷಣದಲ್ಲಿ ಹೊರೆ ಬೀಳುವುದು ತುದಿಯ ಒಂದೆರಡು ಸಾಲಿನ ಮೇಲೆ ಮಾತ್ರ. ಅವು ಸೋತರೆ ಮುಂದಿನ ಸಾಲು, ಅದು ಸೋತರೆ ಅದರ ಮುಂದಿನದು. ದೊಡ್ಡವರು ಜಗ್ಗಿದರೂ ಜಾರದ ಪಟ್ಟಿಯನ್ನು ಮೂರು ವರ್ಷದ ಮಗು ಸರಕ್ಕನೆ ಸುಲಿದುಹಾಕುವುದು ಹೀಗೆ. ಅದು ವೆಲ್ಕ್ರೋದ ದೋಷವಲ್ಲ, ಅದರ ಹುಟ್ಟುಗುಣ. ಸುಲಭವಾಗಿ ಸುಲಿಯಲು ಬಾರದಿದ್ದರೆ ಅದನ್ನು ಯಾರೂ ಬಳಸುತ್ತಿರಲಿಲ್ಲ.

ಇದು ನನಗೂ ಪುಸ್ತಕದಿಂದ ತಿಳಿದದ್ದಲ್ಲ. ರಿಪೇರಿ ಕೆಲಸಕ್ಕಿಳಿದ ಹೊಸದರಲ್ಲಿ ನನಗಾಗಿ ಒಂದು ಜೊತೆ ಗೇಟರ್ ಹೊಲಿದುಕೊಂಡೆ. ಗೇಟರ್ ಎಂದರೆ ಶೂ ಮೇಲಿನಿಂದ ಮೊಣಕಾಲಿನ ಕೆಳಗಿನವರೆಗೆ ಸುತ್ತಿಕೊಳ್ಳುವ ಬಟ್ಟೆಯ ಕವಚ. ಮುಂಭಾಗದಲ್ಲಿ ಐವತ್ತು ಮಿಲಿಮೀಟರ್ ಅಗಲದ ಪಟ್ಟಿ ಕೊಟ್ಟು, ಇನ್ನು ಇದನ್ನು ಆನೆ ಎಳೆದರೂ ಬಿಚ್ಚದು ಎಂದುಕೊಂಡೆ. ಮೊದಲ ದಿನವೇ ಒಂದು ಮುಳ್ಳುಕಂಟಿ ಕೆಳತುದಿಯ ಮೂಲೆಯನ್ನು ಹಿಡಿದುಕೊಂಡಿತು. ನಾನು ಮುಂದಿನ ಹೆಜ್ಜೆ ಇಟ್ಟಂತೆ ಇಡೀ ಗೇಟರ್ ಕೆಳಗಿನಿಂದ ಮೇಲಕ್ಕೆ ಕಿತ್ತುಕೊಂಡು ಬಂದು, ಕಾಲಿಗೆ ಸಿಕ್ಕಿ, ಅಂಗಾತ ಬಿದ್ದೆ. ಮನೆಗೆ ಬಂದು ಅಂಗಡಿಯ ಗೇಟರೊಂದನ್ನು ತೆಗೆದು ನೋಡಿದರೆ ವೆಲ್ಕ್ರೋ ಪಟ್ಟಿಯ ಮೇಲ್ತುದಿ, ಕೆಳತುದಿ ಎರಡರಲ್ಲೂ ಒಂದೊಂದು ಟಿಚ್ ಬಟನ್ ಕೂತಿತ್ತು. ಅಲಂಕಾರಕ್ಕೆ ಎಂದುಕೊಂಡಿದ್ದೆ! ಸುಲಿತ ಆರಂಭವಾಗುವುದೇ ತುದಿಯಿಂದ. ತುದಿಗೆ ಬೀಗ ಹಾಕಿದರೆ ನಡುವಿನ ಪಟ್ಟಿಗೆ ಜಾರುವ ಎಳೆತ ಮಾತ್ರ ಉಳಿಯುತ್ತದೆ, ಅದನ್ನು ಅದು ಲೀಲಾಜಾಲವಾಗಿ ತಾಳುತ್ತದೆ.

ನಿಮ್ಮ ಚೀಲಕ್ಕೂ ಅದನ್ನೇ ಮಾಡಿ. ಪಟ್ಟಿಯ ತುದಿಯನ್ನು ಮುಚ್ಚುವಂತೆ ಒಂದು ಎಲಾಸ್ಟಿಕ್ ಬಳೆ ಹಾಕಿ, ಇಲ್ಲವೇ ತುದಿ ಹೊರಗೆ ಕಾಣದಂತೆ ಒಳಮೈಗೆ ತಿರುಗಿಸಿ. ಸಾಧ್ಯವಾದರೆ ಪಟ್ಟಿಯನ್ನು ಒಂದು ಲೋಹದ ಉಂಗುರದಲ್ಲಿ ತೂರಿಸಿ ಹಿಂದಕ್ಕೆ ಮಡಚಿ ತನ್ನ ಮೇಲೆಯೇ ಅಂಟಿಸಿ. ಎಳೆತವನ್ನು ಎರಡು ಎಳೆಗಳು ಹಂಚಿಕೊಳ್ಳುವುದರಿಂದ ವೆಲ್ಕ್ರೋ ಪಾಲಿಗೆ ಬರುವುದು ಸುಮಾರು ಅರ್ಧ. ಚಾರಣದ ಚಪ್ಪಲಿಗಳ ಪಟ್ಟಿ ಇರುವುದೇ ಹೀಗೆ. ಮತ್ತೆ ಕ್ಯಾಮೆರಾ ದುಬಾರಿಯದಾದ್ದರಿಂದ ಬೆನ್ನುಚೀಲದ ಕೊಂಡಿಗೆ ಒಂದು ತೆಳು ಹಗ್ಗವನ್ನೂ ಕಟ್ಟಿ. ಬಿದ್ದರೂ ತೂಗಾಡುತ್ತದೆ, ನೆಲ ಮುಟ್ಟುವುದಿಲ್ಲ.

ಇನ್ನೊಬ್ಬರು ಮಗುವನ್ನು ಹೊರುವ ಚೀಲದ ಮುರಿದ ಬಕಲ್ ಬದಲು ವೆಲ್ಕ್ರೋ ಹೊಲಿಯಬಹುದೇ ಎಂದು ಕೇಳಿದ್ದಾರೆ. ಕೂಡದು. ಮನುಷ್ಯರ ತೂಕ ಬೀಳುವ ಯಾವ ಜಾಗಕ್ಕೂ ಕೂಡದು. ಅದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

ಪ್ರಶ್ನೆ: ಜಾಕೆಟ್ಟಿನ ಜೇಬಿನ ಮೇಲಿನ ವೆಲ್ಕ್ರೋ ಬದಲಾಯಿಸಲು ಹೊರಟೆ. ಹಿಂದೆ ಅಂಟು ಇರುವ ಪಟ್ಟಿ ತಂದು ಅಂಟಿಸಿ, ಭದ್ರವಾಗಿರಲೆಂದು ಮೇಲೆ ಹೊಲಿಯಲೂ ಹೋದೆ. ನಾಲ್ಕು ಹೊಲಿಗೆಗೆ ದಾರ ತುಂಡಾಗುತ್ತದೆ, ಸೂಜಿ ಬಟ್ಟೆಯಿಂದ ಮೇಲೇಳುವುದಿಲ್ಲ. ಯಂತ್ರ ಕೆಟ್ಟಿದೆಯೇ?
— ನಾಲ್ಕು ಹೊಲಿಗೆ

ಉತ್ತರ: ಯಂತ್ರ ಸರಿಯಾಗಿದೆ, ಸೂಜಿಗೆ ಅಂಟು ಮೆತ್ತಿದೆ. ಅಂಟಿರುವ ಪಟ್ಟಿ ಗೋಡೆಗೆ, ಹಲಗೆಗೆ. ಬಟ್ಟೆಗೆ ಬೇಕಾದದ್ದು ಹೊಲಿಯುವ ಪಟ್ಟಿ, ಹಿಂಬದಿ ಬರಿದಾಗಿರುತ್ತದೆ. ಅಂಟಿನದು ಬಾಗುವ ಬಟ್ಟೆಯ ಮೇಲೆ ಬಹಳ ದಿನ ನಿಲ್ಲುವುದೂ ಇಲ್ಲ, ಬಿಸಿಲಿನಲ್ಲಿ ಮೆತ್ತಗಾಗಿ ಮೂಲೆ ಬಿಡುತ್ತದೆ. ಈಗಿರುವುದನ್ನು ಕಿತ್ತು, ಸೂಜಿ ಬದಲಾಯಿಸಿ ಹೊಸದಾಗಿ ಆರಂಭಿಸಿ.

ಹಳೆಯ ಪಟ್ಟಿಯನ್ನು ಎಳೆದು ಕೀಳಬೇಡಿ. ಹೊಲಿಗೆ ಬಿಚ್ಚುವ ಸೀಮ್ ರಿಪ್ಪರಿನಿಂದ ಮೂರು ಹೊಲಿಗೆಗೆ ಒಂದರಂತೆ ಕತ್ತರಿಸಿದರೆ ಉಳಿದದ್ದು ತಾನಾಗಿ ಬಿಡುತ್ತದೆ. ಹೊಸ ತುಂಡಿನ ನಾಲ್ಕೂ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ. ಚೂಪು ಮೂಲೆ ಮೊದಲು ಏಳುತ್ತದೆ, ಚರ್ಮಕ್ಕೂ ಚುಚ್ಚುತ್ತದೆ. 16ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, ಹೊಲಿಗೆಯ ಉದ್ದ ಸುಮಾರು ಮೂರು ಮಿಲಿಮೀಟರ್. ಹತ್ತಿ ದಾರ ಒದ್ದೆಯಾಗಿ ಒದ್ದೆಯಾಗಿ ಕೊಳೆಯುತ್ತದೆ, ಬೇಡ. ಅಂಚಿನಲ್ಲಿ ಕೊಕ್ಕೆಯಿಲ್ಲದ ಸಣ್ಣ ಗೆರೆಯಿರುತ್ತದೆ, ಅದರ ಮೇಲೆಯೇ ಸುತ್ತಲೂ ಹೊಲಿಯಿರಿ. ಅಗಲದ ತುಂಡಾದರೆ ನಡುವೆ ಒಂದು ಅಡ್ಡ ಗೆರೆಯೂ ಇರಲಿ, ಇಲ್ಲವಾದರೆ ಹೊಟ್ಟೆ ಉಬ್ಬುತ್ತದೆ.

ನೀರು ತಡೆಯುವ ಬಟ್ಟೆಯಲ್ಲಿ ಪ್ರತಿ ಹೊಲಿಗೆಯೂ ಒಂದು ತೂತು ಎಂಬುದು ನೆನಪಿರಲಿ. ಅದಕ್ಕೇ ನಾನು ಇಂಥ ಕಡೆ ಯಂತ್ರ ಬಿಟ್ಟು ಕೈಸೂಜಿ ಹಿಡಿಯುತ್ತೇನೆ. ಹಳೆಯ ತೂತುಗಳಲ್ಲೇ ಸೂಜಿ ತೂರಿಸುತ್ತಾ ಹೋಗುವುದು ತಾಳ್ಮೆಯ ಕೆಲಸ, ಆದರೆ ಹೊಸ ತೂತು ಬೀಳುವುದಿಲ್ಲ. ಕೊನೆಗೆ ಒಳಬದಿಯಿಂದ ಹೊಲಿಗೆಯ ಮೇಲೆ ಸೀಮ್ ಸೀಲರ್, ಅಂದರೆ ಹೊಲಿಗೆಯ ತೂತು ಮುಚ್ಚುವ ದ್ರಾವಣ, ಎಳೆದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡಿ. ನಡುವೆ ಸುಕ್ಕು ತೆಗೆಯೋಣವೆಂದು ವೆಲ್ಕ್ರೋ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಬೇಡಿ. ಕೊಕ್ಕೆಗಳು ಕರಗಿ ನೆಲಗಚ್ಚುತ್ತವೆ. ಅಕ್ಕಪಕ್ಕದ ಬಟ್ಟೆ ಹಾಗೇ ಇದ್ದು ಆ ಚೌಕ ಮಾತ್ರ ಗಾಜಿನಂತೆ ಹೊಳೆಯುವುದನ್ನು ನೋಡಿದರೆ ಅಳು ಬರುತ್ತದೆ. ನನಗೆ ಬಂದಿತ್ತು.

ಯಾವ ಬದಿ ಎಲ್ಲಿಗೆ ಎಂಬುದಕ್ಕೆ ಮಾತ್ರ ಹಳೆಯದನ್ನು ಕುರುಡಾಗಿ ಅನುಸರಿಸಬೇಕಿಲ್ಲ. ಜೇಬು ತೆರೆದಿದ್ದಾಗ ಹೊರಗೆ ಕಾಣುವ, ಕೈ ತಾಗುವ ಕಡೆಗೆ ಕುಣಿಕೆ ಬರಲಿ. ಕೊಕ್ಕೆ ಅಲ್ಲಿದ್ದರೆ ಪ್ರತಿ ಸಲ ಕೈ ಹಾಕಿದಾಗಲೂ ಕೈಗವಸನ್ನು ಕೆರೆದು ನೂಲು ಎಬ್ಬಿಸುತ್ತದೆ.

ಪ್ರಶ್ನೆ: ಒಗೆಯುವಾಗ ವೆಲ್ಕ್ರೋಗೆ ಏನು ಮಾಡಬೇಕು? ಮೊನ್ನೆ ಒಂದೇ ಸಲದ ಒಗೆತದಲ್ಲಿ ನನ್ನ ಉಣ್ಣೆಯ ಟೋಪಿ ಹಾಳಾಯಿತು.
— ಟೋಪಿ ಹೋದವಳು

ಉತ್ತರ: ಮುಚ್ಚಿ ಒಗೆಯಿರಿ. ಪೂರ್ತಿ, ಅಂಚಿಗೆ ಅಂಚು ಸೇರಿಸಿ. ಬಾಯ್ದೆರೆದ ಕೊಕ್ಕೆ ಯಂತ್ರದೊಳಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ನಿಮ್ಮ ಟೋಪಿಯೂ ಹೋಯಿತು, ಆ ಟೋಪಿಯ ಉಣ್ಣೆ ತುಂಬಿ ಕೊಕ್ಕೆಯೂ ಹೋಯಿತು. ಪಟ್ಟಿಗೆ ಜೊತೆ ಇಲ್ಲದಿದ್ದರೆ ಒಂದು ತುಂಡು ಕುಣಿಕೆ ಪಟ್ಟಿಯನ್ನು ಮುಚ್ಚಳದಂತೆ ಅಂಟಿಸಿ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು. ಬ್ಲೀಚ್ ಬೇಡ, ಬಟ್ಟೆ ಮೆತ್ತಗಾಗಿಸುವ ದ್ರಾವಣವೂ ಬೇಡ, ಬಿಸಿಗಾಳಿಯ ಡ್ರೈಯರ್ ಬೇಡವೇ ಬೇಡ. ಸಮುದ್ರದ ನೀರು ತಾಗಿದ್ದರೆ ಸಿಹಿನೀರಲ್ಲಿ ತೊಳೆಯಿರಿ, ಉಪ್ಪಿನ ಹರಳು ಮರಳಿನಷ್ಟೇ ಕೆಟ್ಟದ್ದು. ನೆರಳಿನಲ್ಲಿ ಒಣಗಿಸಿ, ನೈಲಾನಿಗೆ ಬಿಸಿಲು ಆಗದು.

ಒದ್ದೆಯಾಗಿದ್ದಾಗ ಹಿಡಿತ ಸ್ವಲ್ಪ ಕಡಿಮೆ ಎನಿಸಿದರೆ ಗಾಬರಿ ಬೇಡ. ನೈಲಾನ್ ನೀರು ಹೀರಿ ಮೆತ್ತಗಾಗುತ್ತದೆ, ಒಣಗಿದ ಮೇಲೆ ಮೊದಲಿನಂತಾಗುತ್ತದೆ. ಹಿಮದ ಪ್ರದೇಶಕ್ಕೆ ಹೋಗುವವರಿಗೆ ಮಾತ್ರ ಇದು ಸಣ್ಣ ಮಾತಲ್ಲ. ಕುಣಿಕೆಗಳೊಳಗೆ ಹಿಮ ತುಂಬಿ ಗಟ್ಟಿಯಾದರೆ ಕೊಕ್ಕೆಗೆ ಮಂಜುಗಡ್ಡೆಯ ಹಲಗೆಯಷ್ಟೇ ಸಿಗುವುದು. ಬಿಚ್ಚಿದ್ದನ್ನು ತೆರೆದಿಡದೆ ತಕ್ಷಣ ಮುಚ್ಚುವುದೊಂದೇ ಉಪಾಯ.

ಪ್ರಶ್ನೆ: ಹಕ್ಕಿ ನೋಡಲು ಹೋಗುತ್ತೇನೆ. ದುರ್ಬೀನಿನ ಚೀಲ ತೆರೆದರೆ ಸಾಕು, ಆ ‘ಚರ್ರ್’ ಸದ್ದಿಗೆ ಕೊಂಬೆ ಖಾಲಿ. ಸದ್ದಿಲ್ಲದೆ ಬಿಚ್ಚುವ ವಿಧಾನವಿದೆಯೇ?
— ಖಾಲಿ ಕೊಂಬೆ

ಉತ್ತರ: ಪೂರ್ತಿ ಸದ್ದಿಲ್ಲದೆ ಆಗದು. ಆ ‘ಚರ್ರ್’ ಎಂದರೆ ನೂರಾರು ಕೊಕ್ಕೆಗಳು ಒಂದರ ಹಿಂದೊಂದು ಬಿಡುವ ಸದ್ದು. ನಿಧಾನ ಸುಲಿದರೆ ತಗ್ಗುತ್ತದೆ, ಆದರೆ ಹಕ್ಕಿ ಕಂಡಾಗ ನಿಧಾನ ಮಾಡುವವರಾರು? ಅಮೆರಿಕದ ಸೈನಿಕರಿಗೂ ಇದೇ ತಲೆನೋವಾಗಿತ್ತು. ಅಫ್ಘಾನಿಸ್ತಾನದಲ್ಲಿದ್ದವರು ಸದ್ದಿನ ಬಗ್ಗೆಯೂ ಧೂಳು ತುಂಬಿ ಹಿಡಿಯದಿರುವ ಬಗ್ಗೆಯೂ ದೂರಿದ ಮೇಲೆ ಅವರ ಸಮವಸ್ತ್ರದ ಪ್ಯಾಂಟಿನ ಪಕ್ಕದ ಜೇಬುಗಳಿಗೆ ವೆಲ್ಕ್ರೋ ಹೋಗಿ ಮತ್ತೆ ಗುಂಡಿ ಬಂತು.

ನೀವೂ ಗುಂಡಿ ಹಾಕಿಕೊಳ್ಳಬಹುದು. ಅಷ್ಟು ಶ್ರಮ ಬೇಡವೆಂದರೆ ಒಂದು ತುಂಡು ಕುಣಿಕೆ ಪಟ್ಟಿಯನ್ನು ಕೊಕ್ಕೆಯ ಮುಕ್ಕಾಲು ಭಾಗದ ಮೇಲೆ ಬೆನ್ನು ಹೊರಗಾಗಿ ಅಂಟಿಸಿಬಿಡಿ. ಬೆರಳಗಲ ಮಾತ್ರ ತೆರೆದಿರಲಿ. ಮುಚ್ಚಳ ನಿಲ್ಲಲು ಅಷ್ಟು ಸಾಕು, ಸದ್ದು ಕಾಲು ಭಾಗ. ಕಾಡಿನೊಳಗೆ ಕಾಲಿಟ್ಟ ಮೇಲೆ ಅದೂ ಬೇಡ ಅನ್ನಿಸಿದರೆ ಆ ತುಂಡನ್ನು ಇನ್ನಷ್ಟು ಸರಿಸಿ ಪೂರ್ತಿ ಮುಚ್ಚಿ. ನನ್ನ ಸ್ವಂತ ದುರ್ಬೀನಿನ ಚೀಲ ಐದು ವರ್ಷದಿಂದ ಹೀಗೇ ಇದೆ, ಆ ತುಂಡು ಯಾವಾಗ ಬೀಳುತ್ತದೋ ಎಂದು ಕಾಯುತ್ತಿದ್ದೇನೆ.